ಸೂಜಿಗೆ ಮೊದಲು ಕೇಳಿದವರಾರು?
ಪ್ಲೇಗ್ ಲಸಿಕೆಯ ಪ್ರಯೋಗಕ್ಕೆ ಮೈ ಒಡ್ಡಿದವರ ಕಥೆ. ಗಡಿ ಕನ್ನಡಿಗರಿಗೂ ಇದೆ ಪಾಠ

ಸೊಲ್ಲಾಪುರ: ಪ್ಲೇಗ್ ಎಂದರೆ ಈ ಭಾಗದ ಹಳೇ ತಲೆಮಾರಿಗೆ ಬಿಡಿಸಿ ಹೇಳಬೇಕಿರಲಿಲ್ಲ. 'ಇಲಿ ಬಿದ್ದಾವ' ಎಂಬ ಸುದ್ದಿ ಬಂದರೆ ಸಾಕು, ಜನ ಮನೆಗೆ ಬೀಗ ಜಡಿದು ಹೊಲದಾಗ ಗುಡಿಸಲು ಹಾಕುತ್ತಿದ್ದರು. ಆ ಬ್ಯಾನಿಗೆ ಲಸಿಕೆ ಸಿದ್ಧವಾದದ್ದು ಮುಂಬಯಿಯಲ್ಲಿ. ಅದು ಅನೇಕರ ಜೀವ ಉಳಿಸಿತು, ಎರಡು ಮಾತಿಲ್ಲ. ಆದರೆ ಅದನ್ನು ಮೊದಲು ಯಾರ ಮೈಮೇಲೆ ಪರೀಕ್ಷಿಸಿದರು, ಅವರಿಗೆ 'ಒಲ್ಲೆ' ಅನ್ನುವ ಅವಕಾಶ ಇತ್ತೇ ಎಂಬ ಪ್ರಶ್ನೆ ಮಾತ್ರ ಇಂದಿಗೂ ಹಾಗೇ ಉಳಿದಿದೆ.

ಮೊದಲು ತನ್ನ ಮೈಗೆ

1896ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗ್ ಪತ್ತೆಯಾಯಿತು. ಭಾರತದಲ್ಲಿ ಕಾಲರಾ ಲಸಿಕೆಯ ಕೆಲಸದಲ್ಲಿ ತೊಡಗಿದ್ದ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಅವರನ್ನು ಸರ್ಕಾರ ಅಲ್ಲಿಗೆ ಕಳಿಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನ ಇಕ್ಕಟ್ಟಾದ ಜಾಗದಲ್ಲಿ ಮೂರೇ ತಿಂಗಳಲ್ಲಿ ಲಸಿಕೆ ತಯಾರಾಯಿತು. ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟು ರೋಗಾಣು ಬೆಳೆಸಿ, ಅವನ್ನು ಕಾಯಿಸಿ ಕೊಂದು, ಆ ದ್ರವವನ್ನು ಸೂಜಿಯಲ್ಲಿ ಕೊಡುವ ವಿಧಾನ ಅದು. 1897ರ ಜನವರಿ 10ರಂದು ಮೊದಲ ಸೂಜಿಯನ್ನು ಹಾಫ್‌ಕಿನ್ ತಾವೇ ಚುಚ್ಚಿಸಿಕೊಂಡರು. ಜ್ವರ ಬಂತು, ನೋವಾಯಿತು, ಚೇತರಿಸಿಕೊಂಡರು.

ಅದೇ ತಿಂಗಳ ಕೊನೆಗೆ ಬೈಕುಲ್ಲಾ ಜೈಲಿಗೂ ಪ್ಲೇಗ್ ಹೊಕ್ಕಿತು. ಸುಮಾರು 150 ಕೈದಿಗಳು ಸೂಜಿಗೆ ಮುಂದೆ ಬಂದರು. ಉಳಿದವರು ಹಾಗೇ ಉಳಿದರು. ಲಸಿಕೆ ಪಡೆಯದವರಲ್ಲಿ 12 ಮಂದಿಗೆ ರೋಗ ಬಂದು 6 ಮಂದಿ ಸತ್ತರು. ಪಡೆದವರಲ್ಲಿ ನಂತರದ ದಿನಗಳಲ್ಲಿ ಇಬ್ಬರಿಗೆ ಮಾತ್ರ ರೋಗ ಬಂತು, ಇಬ್ಬರೂ ಬದುಕಿದರು. ಲಸಿಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಅದೇ ಮೊದಲ ದೊಡ್ಡ ಸಾಕ್ಷಿ.

ಕೈದಿಗಳು ಸ್ವಇಚ್ಛೆಯಿಂದಲೇ ಬಂದರು ಎನ್ನುತ್ತದೆ ದಾಖಲೆ. ಆದರೆ ಒಳಗೆ ರೋಗ, ಬಾಗಿಲಿಗೆ ಬೀಗ. ಓಡಿಹೋಗಲು ಹೊಲವೂ ಇಲ್ಲ, ಗುಡಿಸಲೂ ಇಲ್ಲ. ಅಂಥಲ್ಲಿ ಸ್ವಇಚ್ಛೆ ಎಂಬ ಮಾತಿಗೆ ಎಷ್ಟು ತೂಕ? ಜೈಲು ಅಧ್ಯಯನಕ್ಕೆ ಅನುಕೂಲ ಎಂಬುದು ನಿಜ. ಎಲ್ಲರಿಗೂ ಒಂದೇ ಊಟ, ಒಂದೇ ನೀರು; ಲೆಕ್ಕ ಹಿಡಿಯುವುದು ಸುಲಭ. ಅನುಕೂಲ ಲೆಕ್ಕ ಹಿಡಿಯುವವನದು, ಅಪಾಯ ಕೈದಿಯದು.

ಒಂದೇ ಮನೆಗೆ ಎರಡು ಪಾಲು

ಇನ್ನೂ ಗಟ್ಟಿಯಾದ ಸಾಕ್ಷಿ ಬೇಕಾಗಿತ್ತು. 1898ರ ಫೆಬ್ರವರಿಯಲ್ಲಿ ಬರೋಡಾ ಸಂಸ್ಥಾನದ ಉಂಧೇರಾ ಹಳ್ಳಿಯನ್ನು ಆರಿಸಲಾಯಿತು. ಅಲ್ಲಿ ಪ್ರತಿ ಕುಟುಂಬದ ಅರ್ಧ ಜನರಿಗೆ ಸೂಜಿ ಹಾಕಿ, ಉಳಿದ ಅರ್ಧ ಜನರನ್ನು ಹೋಲಿಕೆಗೆಂದು ಹಾಗೇ ಬಿಡಲಾಯಿತು. ಕೆಲವು ವಾರಗಳ ನಂತರ ಮನೆಮನೆ ಸುತ್ತಿ ಲೆಕ್ಕ ತೆಗೆದರು. ಪ್ಲೇಗ್ ತಗುಲಿದ್ದ 28 ಕುಟುಂಬಗಳಲ್ಲಿ ಸೂಜಿ ಪಡೆದವರು 71 ಜನ. ಅವರಲ್ಲಿ 8 ಮಂದಿಗೆ ರೋಗ ಬಂದು 3 ಮಂದಿ ಸತ್ತರು. ಪಡೆಯದವರು 64 ಜನ. 27 ಮಂದಿಗೆ ರೋಗ, 26 ಸಾವು.

ವಿಜ್ಞಾನದ ದೃಷ್ಟಿಯಿಂದ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ಒಂದೇ ಒಲೆಯ ಊಟ ಉಂಡವರಲ್ಲಿ ಅಣ್ಣ ಉಳಿದು ತಮ್ಮ ಹೋದರೆ ಆ ಮನೆಯವರು ಕೇಳುವ ಪ್ರಶ್ನೆಯೇ ಬೇರೆ. ಒಂದು ವರ್ಷದ ಹಿಂದೆಯೇ ಜೈಲಿನಲ್ಲಿ ಗುಣ ತೋರಿಸಿದ್ದ ಮದ್ದನ್ನು ಅರ್ಧ ಮನೆಗೆ ಕೊಡದೆ ಇಟ್ಟದ್ದು ಸರಿಯೇ? 26 ಎಂಬ ಅಂಕಿ ಇಂದಿಗೂ ನಿದ್ದೆಗೆಡಿಸುವಂಥದ್ದು.

ಹುಬ್ಬಳ್ಳಿಯ ಸರ್ಟಿಫಿಕೇಟು

ಸೊಲ್ಲಾಪುರ, ಧಾರವಾಡ ಎರಡೂ ಆಗ ಮುಂಬಯಿ ಪ್ರಾಂತ್ಯದ ಜಿಲ್ಲೆಗಳು. 1898ರಲ್ಲಿ ಪ್ಲೇಗ್ ಧಾರವಾಡ ಜಿಲ್ಲೆಯಲ್ಲಿ ಅಬ್ಬರಿಸಿತು. ಹುಬ್ಬಳ್ಳಿಯೊಂದರಲ್ಲೇ 30,000ಕ್ಕೂ ಹೆಚ್ಚು ಜನ ಸೂಜಿ ಹಾಕಿಸಿಕೊಂಡರು. ಒತ್ತಾಯವಿಲ್ಲ ಎಂದೇ ಸರ್ಕಾರ ಹೇಳುತ್ತಿತ್ತು. ಆದರೆ ಎರಡು ಬಾರಿ ಸೂಜಿ ಹಾಕಿಸಿಕೊಂಡ ಸರ್ಟಿಫಿಕೇಟು ಇದ್ದವರಿಗೆ ಪ್ರತ್ಯೇಕ ಶಿಬಿರದಿಂದ ವಿನಾಯಿತಿ ಇತ್ತು. ಹಿಂದಿನ ವರ್ಷವಷ್ಟೇ ಪುಣೆಯಲ್ಲಿ ಸೈನಿಕರು ಮನೆ ಹೊಕ್ಕು ಶೋಧಿಸಿದ್ದು, ಜನರ ಸಿಟ್ಟು ಏರಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಅವರಿಗೆ ಚಾಪೇಕರ್ ಸಹೋದರರು ಗುಂಡಿಕ್ಕಿದ್ದು ಎಲ್ಲರಿಗೂ ಗೊತ್ತಿತ್ತು. ಶಿಬಿರದ ಹೆಸರು ಕೇಳಿದರೇ ಜನ ನಡುಗುತ್ತಿದ್ದರು. ಸೂಜಿಯ ಮೇಲಿನ ನಂಬಿಕೆಯಿಂದ ತೋಳು ಚಾಚಿದವರೆಷ್ಟು, ಶಿಬಿರದ ಅಂಜಿಕೆಗೆ ಚಾಚಿದವರೆಷ್ಟು, ಲೆಕ್ಕ ಇಟ್ಟವರಿಲ್ಲ.

1902ರ ಅಕ್ಟೋಬರ್‌ನಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಒಂದೇ ಬಾಟಲಿಯ ಲಸಿಕೆ ಪಡೆದ 19 ಜನ ಧನುರ್ವಾಯುವಿಗೆ ಬಲಿಯಾದರು. ತಪ್ಪು ಹಾಫ್‌ಕಿನ್ ಅವರ ಪ್ರಯೋಗಾಲಯದ ಮೇಲೆ ಬಂತು, ಅವರು ಹುದ್ದೆ ಕಳೆದುಕೊಂಡರು. ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಆದ ಅಜಾಗ್ರತೆಯೇ ಕಾರಣವಿರಬೇಕು ಎಂದು ಹಲವು ವಿಜ್ಞಾನಿಗಳು ವಾದಿಸಿದ ಮೇಲೆ, 1907ರಲ್ಲಿ ಅವರು ಆರೋಪಮುಕ್ತರಾದರು. ಅವರು ಕಟ್ಟಿದ ಪ್ರಯೋಗಾಲಯಕ್ಕೆ 1925ರಲ್ಲಿ ಅವರದೇ ಹೆಸರಿಡಲಾಯಿತು. ಪರೇಲ್‌ನ ಹಾಫ್‌ಕಿನ್ ಸಂಸ್ಥೆ ಅದೇ. ಕೈದಿಗಳ ಹೆಸರು, ಉಂಧೇರಾದವರ ಹೆಸರು ಯಾವ ಗೋಡೆಯ ಮೇಲೂ ಬರಲಿಲ್ಲ.

ವಾರ್ಡನ್ ಹಾಕಿದ ಸಹಿ

ಮನುಷ್ಯರ ಮೇಲೆ ಪ್ರಯೋಗ ಮಾಡುವಾಗ ಅವರ ಒಪ್ಪಿಗೆ ಕಡ್ಡಾಯ ಎಂಬ ನಿಯಮ ಜಗತ್ತಿಗೆ ಸಿಕ್ಕಿದ್ದು 1947ರಲ್ಲಿ, ನಾಜಿ ವೈದ್ಯರ ವಿಚಾರಣೆ ನಡೆದ ನ್ಯೂರೆಂಬರ್ಗ್‌ನಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1980ರಲ್ಲಿ ತನ್ನ ನೀತಿ ಹೇಳಿಕೆ ಹೊರಡಿಸಿತು.

ನಿಯಮ ಬಂದರೂ ಹಳೆ ಚಾಳಿ ಹೋಗಲಿಲ್ಲ. 2009ರಲ್ಲಿ ಅವಿಭಜಿತ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಬಾಲಕಿಯರಿಗೆ ಎಚ್‌ಪಿವಿ ಲಸಿಕೆ ಹಾಕುವ ಅಧ್ಯಯನ ಆರಂಭವಾಯಿತು. ಕೆಲವು ಬಾಲಕಿಯರ ಸಾವಿನ ಸುದ್ದಿ ಹೊರಬಿದ್ದ ನಂತರ 2010ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಸಾವಿಗೆ ಲಸಿಕೆಯೇ ಕಾರಣ ಎಂದು ಸರ್ಕಾರಿ ತನಿಖೆ ಹೇಳಲಿಲ್ಲ. ಆ ಲಸಿಕೆ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಆದರೆ ಖಮ್ಮಂನ ಹಾಸ್ಟೆಲ್‌ಗಳಲ್ಲಿ ತಂದೆ-ತಾಯಿ ಹಾಕಬೇಕಾದ ಸಹಿಯನ್ನು ವಾರ್ಡನ್‌ಗಳೇ ಹಾಕಿದ್ದು ಬಯಲಾಯಿತು. 2013ರಲ್ಲಿ ಸಂಸದೀಯ ಸಮಿತಿ ಇದನ್ನು ಕಟುವಾಗಿ ಖಂಡಿಸಿತು.

ಜತ್ತ, ಅಕ್ಕಲಕೋಟೆ ಕಡೆಯ ಕನ್ನಡ ಕುಟುಂಬಗಳಿಗೆ ಇದು ದೂರದ ಮಾತಲ್ಲ. ದೊಡ್ಡ ಬ್ಯಾನಿ ಬಂದರೆ ಸೊಲ್ಲಾಪುರ ಇಲ್ಲವೇ ಮಿರಜಿನ ದವಾಖಾನೆಯೇ ಗತಿ. ಮುಂದಿಟ್ಟ ಕಾಗದ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, 'ಎಲ್ಲಿ ಸಹಿ ಮಾಡ್ಲಿರಿ ಸಾಹೇಬ್ರ' ಎಂದು ಕೇಳಿ ಹೆಬ್ಬೆಟ್ಟು ಒತ್ತುವ ಹಿರಿಯರು ಪ್ರತಿ ಊರಲ್ಲೂ ಇದ್ದಾರೆ. ಗೊತ್ತಿಲ್ಲದೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆ ಆಗುವುದಿಲ್ಲ.

ಸಹಿಗೆ ಮುನ್ನ ಗಮನಿಸಿ

* ಇದು ನನ್ನ ಚಿಕಿತ್ಸೆಯೋ, ಅಧ್ಯಯನವೋ? ಮೊದಲು ಇದನ್ನೇ ಕೇಳಿ.
* ಅಧ್ಯಯನವಾದರೆ ವಿವರವನ್ನು ನಿಮಗೆ ತಿಳಿಯುವ ಭಾಷೆಯಲ್ಲೇ ಹೇಳಬೇಕು. ಕನ್ನಡದಲ್ಲಿ ಹೇಳ್ರಿ ಎಂದು ಕೇಳುವುದು ನಿಮ್ಮ ಹಕ್ಕು.
* ಓದಲು ಬಾರದವರಿಗೆ ಓದಿ ಹೇಳುವಾಗ, ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿದಾರ ಜೊತೆಗಿರಬೇಕು.
* ಒಪ್ಪದಿದ್ದರೂ, ನಡುವೆ ಬಿಟ್ಟು ಬಂದರೂ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.
* ಹೊಸ ಔಷಧದ ಪ್ರಯೋಗದಲ್ಲಿ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರಕ್ಕೆ 2019ರ ನಿಯಮಗಳಲ್ಲಿ ಅವಕಾಶವಿದೆ.
* ಸಹಿ ಮಾಡಿದ ಕಾಗದದ ಒಂದು ಪ್ರತಿ ಕೇಳಿ ಪಡೆದು, ಮನೆಯಲ್ಲಿ ಜೋಪಾನವಾಗಿಡಿ.