ಪ್ರೌಢಶಾಲೆಗೆ ಮುಂಚಿನ ತ್ವರಿತ ಗಣಿತಶಿಕ್ಷಣ: ಬಾಲ್ಟಿಮೋರಿನ ಪ್ರಯೋಗ

ವಯಸ್ಸಿಗೆ ತಕ್ಕ ತರಗತಿ, ತರಗತಿಗೆ ತಕ್ಕ ಪಾಠ ಎಂಬ ಏರ್ಪಾಡು ಹೆಚ್ಚಿನ ದೇಶಗಳ ಶಾಲೆಗಳಲ್ಲಿ ರೂಢವಾಗಿದೆ. ಬಹುಸಂಖ್ಯೆಯ ಮಕ್ಕಳಿಗೆ ಇದು ಒಗ್ಗುವುದಾದರೂ, ಪಾಠ ಆರಂಭವಾಗುವ ಮೊದಲೇ ಅದನ್ನು ಬಲ್ಲ ಮಗುವಿಗೆ ಇದರಿಂದ ದೊರೆಯುವುದು ಬರಿಯ ಕಾಯುವಿಕೆ. ಅಂಥ ಮಕ್ಕಳಿಗೆ ಪ್ರೌಢಶಾಲೆಯ ಮುನ್ನವೇ ತ್ವರಿತಗತಿಯ ಗಣಿತಪಾಠವನ್ನು ಯೋಜಿಸುವ ಬಗೆಯನ್ನು ಅಮೆರಿಕದ ಒಂದು ಪ್ರಯೋಗದ ಇತಿಹಾಸದಿಂದ ಇಲ್ಲಿ ವಿವೇಚಿಸುತ್ತೇವೆ.

1957ರಲ್ಲಿ ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದುದು ಅಮೆರಿಕದ ಶಿಕ್ಷಣಕ್ಷೇತ್ರವನ್ನು ಕಲಕಿತು. ಮರುವರ್ಷದ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಶಾಸನವು ಪ್ರತಿಭಾವಂತರನ್ನು ಗುರುತಿಸಲು ಹಣ ಒದಗಿಸಿತು. ಆದರೆ ಗುರುತಿಸುವುದು ಬೇರೆ, ಕಲಿಸುವುದು ಬೇರೆ. ಈ ಎರಡನ್ನೂ ಬೆಸೆಯುವ ಕಾರ್ಯಕ್ಕೆ 1971ರಲ್ಲಿ, ಸ್ಪೆನ್ಸರ್ ಪ್ರತಿಷ್ಠಾನದ ನೆರವಿನಿಂದ, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಜೂಲಿಯನ್ ಸ್ಟ್ಯಾನ್ಲಿ ತೊಡಗಿದರು.

ಮೊದಲ ತೊಡಕು ಅಳತೆಯದು. ಗಜದ ಕೋಲಿನಿಂದ ಅಳೆದರೆ ಗಜವನ್ನು ಮೀರಿದ ಎತ್ತರಗಳೆಲ್ಲ ಒಂದೇ. ತರಗತಿಯ ಪರೀಕ್ಷೆಯಲ್ಲಿ ಪೂರ್ಣಾಂಕ ಪಡೆದವರ ನಡುವಿನ ಅಂತರವೂ ಹಾಗೆಯೇ ಮರೆಯಾಗುತ್ತದೆ. ಆದಕಾರಣ ಸ್ಟ್ಯಾನ್ಲಿ, ಹದಿನಾರು ಹದಿನೇಳು ವಯಸ್ಸಿನವರು ಕಾಲೇಜು ಪ್ರವೇಶಕ್ಕೆ ಬರೆಯುವ ಸ್ಯಾಟ್ ಪರೀಕ್ಷೆಯನ್ನೇ ಎಳೆಯರಿಗೆ ಕೊಟ್ಟರು. 1972ರ ಮಾರ್ಚ್ ತಿಂಗಳಲ್ಲಿ ಅದರ ಗಣಿತಭಾಗವನ್ನು ಬರೆದ 396 ಮಂದಿಯಲ್ಲಿ ಬಹುತೇಕರು ಏಳು, ಎಂಟನೆಯ ತರಗತಿಗಳವರು. ಹಲವರ ಅಂಕಗಳು ಕಾಲೇಜು ಸೇರುವವರ ಅಂಕಗಳಿಗೆ ಸಮನಾಗಿದ್ದುವು.

ಅದೇ ಬೇಸಗೆಯಲ್ಲಿ ಜೋಸೆಫ್ ವುಲ್ಫ್‌ಸನ್ ಎಂಬ ಉಪಾಧ್ಯಾಯರು ಶನಿವಾರಗಳಂದು ಎರಡೆರಡು ಗಂಟೆಯ ತರಗತಿ ಆರಂಭಿಸಿದರು. ಅತ್ಯಂತ ವೇಗಶಾಲಿಗಳಾದ ಮಕ್ಕಳು ಸುಮಾರು 14 ತಿಂಗಳಲ್ಲಿ, ಶಾಲೆಯಲ್ಲಿ ನಾಲ್ಕು ವರ್ಷಕ್ಕೂ ಮಿಕ್ಕಿ ಹಿಡಿಯುವ ಬೀಜಗಣಿತ, ರೇಖಾಗಣಿತ, ತ್ರಿಕೋಣಮಿತಿಗಳನ್ನು ಮುಗಿಸಿ ಕಲನಶಾಸ್ತ್ರದ ಹೊಸ್ತಿಲಿಗೆ ಬಂದರು. ಈ ಗತಿಯನ್ನು ಎಲ್ಲರೂ ಹಿಡಿಯಲಿಲ್ಲ. ಮನೆಯಲ್ಲಿ ಮಾಡಬೇಕಾದ ಅಭ್ಯಾಸವೂ ಬಹಳವಿದ್ದಿತು.

ಈ ಅನುಭವದಿಂದ ಬೆಳೆದ ಕ್ರಮವು ವೇಗಕ್ಕಿಂತ ಮುಖ್ಯವಾದುದು. ಪಾಠಕ್ಕೆ ಮೊದಲು, ಆ ವಿಷಯದಲ್ಲಿಯೇ ಪರೀಕ್ಷೆ. ತಪ್ಪಿದ ಲೆಕ್ಕಗಳನ್ನು ವಿದ್ಯಾರ್ಥಿಯು ಪುನಃ ಮಾಡಿ ನೋಡುತ್ತಾನೆ. ಅಜಾಗರೂಕತೆಯ ತಪ್ಪು ಯಾವುದು, ಅಜ್ಞಾನದ ತಪ್ಪು ಯಾವುದು ಎಂಬುದು ಆಗ ತಿಳಿಯುತ್ತದೆ. ಬಳಿಕ ತಿಳಿಯದ ಭಾಗವನ್ನು ಮಾತ್ರ ಕಲಿಸಿ, ಬೇರೊಂದು ಪ್ರಶ್ನೆಪತ್ರಿಕೆಯಿಂದ ಮತ್ತೆ ಪರೀಕ್ಷಿಸಿ, ಮುಂದಿನ ವಿಷಯಕ್ಕೆ ಸಾಗಬೇಕು. ಇಲ್ಲಿ ತ್ವರೆಯೆಂದರೆ ಪಾಠವನ್ನು ಓಡಿಸುವುದಲ್ಲ, ಬಲ್ಲುದನ್ನು ಮತ್ತೆ ಕಲಿಸದಿರುವುದು. ಭಿನ್ನರಾಶಿಯಲ್ಲಿ ಉಳಿದ ಒಂದು ಕೊರತೆಯನ್ನು ಕಾಣದೆ ಬೀಜಗಣಿತಕ್ಕೆ ದಾಟಿಸಿದರೆ, ಆ ಕೊರತೆ ಸಮೀಕರಣಗಳಲ್ಲಿ ತಲೆಯೆತ್ತದೆ ಇರದು.

ಪ್ರತಿಭೆಯ ಬಾಗಿಲು ಯಾರಿಗೆ ತೆರೆಯುತ್ತದೆಂಬುದು ಇನ್ನೊಂದು ಪ್ರಶ್ನೆ. ಮೊದಲ ಶೋಧದಲ್ಲಿ ಅತ್ಯುಚ್ಚ ಅಂಕಗಳು ಬಾಲಕರವಾಗಿದ್ದುವು. ಲಿನ್ ಫಾಕ್ಸ್ 1973ರಲ್ಲಿ ಬಾಲಕಿಯರಿಗಾಗಿಯೇ, ಸ್ತ್ರೀ ಉಪಾಧ್ಯಾಯರಿಂದ, ಸ್ಪರ್ಧೆಗಿಂತ ಸಹಕಾರಕ್ಕೆ ಎಡೆಗೊಟ್ಟ ಬೀಜಗಣಿತದ ತರಗತಿ ನಡೆಸಿದರು. ವಾತಾವರಣವೂ ಪಾಠಯೋಜನೆಯ ಅಂಗವೆಂಬ ಅರಿವು ಅದರ ಹಿಂದಿತ್ತು.

ಸ್ಯಾನ್ ಫ್ರಾನ್ಸಿಸ್ಕೋದ ಸರಕಾರಿ ಶಾಲೆಗಳು ಇದೇ ಪ್ರಶ್ನೆಗೆ ವಿರುದ್ಧ ದಿಕ್ಕಿನ ಉತ್ತರವನ್ನು ಹುಡುಕಿದುವು. ಸಮಾನತೆಯ ಹೆಸರಿನಲ್ಲಿ 2014ರಲ್ಲಿ ಎಂಟನೆಯ ತರಗತಿಯ ಬೀಜಗಣಿತವನ್ನು ಕೈಬಿಟ್ಟುವು. ಅನುಕೂಲಸ್ಥರು ಹೊರಗೆ ಹಣ ತೆತ್ತು ಕಲಿಯಬಲ್ಲವರಾದರು. ಉಳಿದವರಿಗೆ ಆ ಮಾರ್ಗವಿರಲಿಲ್ಲ. 2024ರಲ್ಲಿ ಶಾಲಾಮಂಡಲಿಯು ಬೀಜಗಣಿತವನ್ನು ಮರಳಿ ತರಲು ನಿಶ್ಚಯಿಸಿತು. ಮತದಾರರೂ ಅದನ್ನೇ ಬಯಸಿದರು.

ಇವೆರಡು ಇತಿಹಾಸಗಳಿಂದ ನಾವು ಗ್ರಹಿಸುವುದಿಷ್ಟು: ಬಾಗಿಲನ್ನು ಮುಚ್ಚುವುದರಿಂದ ಸಮಾನತೆ ಬಾರದು, ಕೆಲವರಿಗಷ್ಟೇ ತೆರೆದಿಡುವುದರಿಂದಲೂ ಬಾರದು. ಎಲ್ಲ ಮಕ್ಕಳನ್ನೂ ಅಳೆದು ನೋಡುವ ಶ್ರಮವನ್ನು ಶಾಲೆಯೇ ಹೊರಬೇಕು. ಆ ಶ್ರಮವನ್ನು ಮನೆಯವರ ಪಾಲಿಗೆ ಬಿಟ್ಟಲ್ಲಿ, ಬಡವನ ಮನೆಯ ಗಣಿತಜ್ಞನು ಕಾಯುತ್ತಲೇ ಉಳಿಯುವನು.