ಹೆಸರಿಲ್ಲದ ಬಂದೂಕು, ಗುರುತಿಲ್ಲದ ಗುರು

ಬೇವೂರು: ರಾತ್ರಿ ಹೊಲಕ್ಕೆ ಹಂದಿ ನುಗ್ಗಿದರೆ ಬೆಳಗಾಗುವುದರೊಳಗೆ ರೈತನ ಆರು ತಿಂಗಳ ಬೆವರು ನೆಲ ಕಚ್ಚಿರುತ್ತದೆ. ಡಬ್ಬಿ ಬಾರಿಸಿದ್ದಾಯಿತು, ಪಟಾಕಿ ಹಾರಿಸಿದ್ದಾಯಿತು, ಹಳೆ ಸೀರೆ ಕಟ್ಟಿದ್ದಾಯಿತು. ಆಮೇಲೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಬೆಂಚಿನ ಮೇಲೆ ಒಂದು ಮಾತು ಹುಟ್ಟುತ್ತದೆ.

“ಅಣ್ಣಾ, ಒಂದು ನಳಿಗಿ ಬಂದೂಕು ಮಾಡಿಸಿದ್ರ ಹೆಂಗ? ಮಾಡೋರು ಯಾರರ ಗೊತ್ತದಾರೇನು?”

ಈ ಪ್ರಶ್ನೆ ಒಂದು ಊರಿನದಲ್ಲ. ಹೊಲ ಇದ್ದ ಕಡೆಯೆಲ್ಲ ಕೇಳಿಬರುವ ಮಾತು. ಹೊಲವೇ ಇಲ್ಲದ ಹರೆಯದ ಹುಡುಗರೂ ಈಗ ಇದನ್ನೇ ಕೇಳುತ್ತಾರೆ. ಅವರಿಗೆ ಹಂದಿಯ ಚಿಂತೆ ಇಲ್ಲ, ಕೈಯಾರೆ ಒಂದು ಬಂದೂಕು ಮಾಡಿ ನೋಡುವ ಹುಚ್ಚು. ಕೇಳುವವನಿಗೆ ಕೆಲಸ ಹೊಸದು, ಜನ ಹೊಸಬರು. ಯಾರನ್ನು ನಂಬಬೇಕು ಎಂಬುದು ಅವನಿಗೆ ಗೊತ್ತಿಲ್ಲ. ಅವನನ್ನು ಯಾರು ನಂಬಬೇಕು ಎಂಬುದು ಉಳಿದವರಿಗೂ ಗೊತ್ತಿಲ್ಲ. ಗೋಳು ಶುರುವಾಗುವುದೇ ಇಲ್ಲಿಂದ.

ಉತ್ತರ ಹೇಳುವವರು ಮೂರು ತರ

ಇಂಥ ಪ್ರಶ್ನೆಗೆ “ನಾ ಹೇಳ್ತೀನಿ ಬಾರಪಾ” ಎಂದು ಮುಂದೆ ಬರುವವರು ಮೂರು ತರದವರು ಇರುತ್ತಾರೆ. ಮೊದಲನೆಯವನಿಗೆ ಏನೂ ಗೊತ್ತಿರುವುದಿಲ್ಲ, ಆದರೆ ಎಲ್ಲ ಗೊತ್ತಿದ್ದಂತೆ ಮಾತಾಡುತ್ತಾನೆ. ಇವನ ಮಾತು ಕೇಳಿದವನ ನಳಿಗೆ ಒಡೆದರೆ ಹೋಗುವುದು ಕೇಳಿದವನ ಕೈ, ಹೇಳಿದವನದ್ದಲ್ಲ. ಎರಡನೆಯವನಿಗೆ ಬೇಕಾದದ್ದು ರೊಕ್ಕ. ಮುಂಗಡ ಇಸಿದುಕೊಂಡು ನಾಪತ್ತೆಯಾದರೆ ಯಾವ ಠಾಣೆಗೆ ಹೋಗಿ ದೂರು ಕೊಡುವುದು? “ಕಳ್ಳ ಬಂದೂಕಿಗೆ ಕೊಟ್ಟ ರೊಕ್ಕ ಹೋತ್ರಿ ಸಾಹೇಬ್ರ” ಎಂದು ಬರೆಸಲಾದೀತೆ? ಮೂರನೆಯವನು ಮಫ್ತಿಯಲ್ಲಿರುವ ಪೊಲೀಸು.

ಈ ಮೂವರ ಮುಖವೂ ಒಂದೇ ತರ ಇರುತ್ತದೆ. ಮೂವರೂ “ಅಣ್ಣಾ, ತಮ್ಮಾ” ಎಂದೇ ಮಾತಾಡಿಸುತ್ತಾರೆ. ಹೊಸಬನಿಗೆ ಇವರಲ್ಲಿ ಯಾರು ಯಾರೆಂದು ತಿಳಿಯುವ ದಾರಿ ಇಲ್ಲ. ಮಾತು ಮೊಬೈಲಿನಲ್ಲಿ ನಡೆದರಂತೂ ಮುಖವೂ ಇಲ್ಲ, ಊರೂ ಇಲ್ಲ, ಹೆಸರೂ ಖರೇದಲ್ಲ.

ತೋಪಿನ ಮೇಲೆ ಬರೆದ ಹೆಸರು

ಹಿಂದೆ ಹೀಗಿರಲಿಲ್ಲ. ಕಮ್ಮಾರಸಾಲಿಯಲ್ಲಿ ಕುಡ, ಕುಡಗೋಲು ಬಡಿಸುವವನಿಗೆ ಬಡಿಯುವವನ ಅಪ್ಪ, ಅಜ್ಜ ಎಲ್ಲ ಗೊತ್ತು. ಕುಡ ಮುರಿದರೆ ಮರುದಿನ ಅದೇ ಸಾಲಿಯ ಮುಂದೆ ಹೋಗಿ ನಿಂತು ಕೇಳಬಹುದಿತ್ತು. ವರ್ಷದ ಆಯ ಕೊಡುವಾಗ ಲೆಕ್ಕ ಹಚ್ಚಬಹುದಿತ್ತು. ನಂಬಿಕೆ ಬಾಯಿಮಾತಿನಿಂದ ಬಂದದ್ದಲ್ಲ, ಹೊಣೆಯಿಂದ ಬಂದದ್ದು.

ಇದಕ್ಕಿಂತ ದೊಡ್ಡ ಸಾಕ್ಷಿ ವಿಜಯಪುರದಲ್ಲಿದೆ. ಮಲಿಕ್-ಎ-ಮೈದಾನ್ ತೋಪನ್ನು ನೋಡದವರು ನಮ್ಮ ಕಡೆ ಕಡಿಮೆ. ಸುಮಾರು 55 ಟನ್ ತೂಕದ ಆ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ರೂಮಿ ಎಂದರೆ ತುರ್ಕರ ನಾಡಿನಿಂದ ಬಂದವನು. ಅಂದರೆ ಅವನೂ ಈ ನೆಲಕ್ಕೆ ಹೊಸಬನೇ. ಪರದೇಶದಿಂದ ಬಂದ ಮನುಷ್ಯನ ಕೈಗೆ ನಿಜಾಮಶಾಹಿ ದೊರೆ ಅಷ್ಟೊಂದು ಲೋಹ ಒಪ್ಪಿಸಿದ. ಎರಕ ಕೆಟ್ಟಿದ್ದರೆ ಕೇಳುವುದಕ್ಕೆ ಆ ಮನುಷ್ಯ ಅಲ್ಲೇ ಇದ್ದ. ಕೆಲಸ ಮುಗಿಸಿದ ರೂಮಿ ತೋಪಿನ ಮೇಲೆ ತನ್ನ ಹೆಸರು ಕೆತ್ತಿಸಿದ. ಇವತ್ತಿಗೂ ಅದನ್ನು ಓದಬಹುದು. “ಇದನ್ನು ಮಾಡಿದವನು ನಾನು, ಒಡೆದರೆ ನನ್ನನ್ನು ಕೇಳಿ” ಎಂದು ಹೇಳಿದಂತೆಯೇ ಅದು.

ಇಂದಿಗೂ ಕಾಯಿದೆಬದ್ಧ ಬಂದೂಕಿಗೆ ಇದೇ ರೀತಿ. ಮಾಡಿದ ಕಾರ್ಖಾನೆಯ ಹೆಸರು, ನಂಬರು ಅದರ ಮೇಲಿರುತ್ತವೆ. ಮಾರಾಟಕ್ಕೆ ಬರುವ ಮುಂಚೆ ನಳಿಗೆ ಮಾಮೂಲಿಗಿಂತ ಹೆಚ್ಚಿನ ಒತ್ತಡ ತಡೆಯುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿ ಮುದ್ರೆ ಒತ್ತುತ್ತಾರೆ. ಕಳ್ಳ ಬಂದೂಕಿಗೆ ಹೆಸರಿಲ್ಲ, ನಂಬರಿಲ್ಲ, ಮುದ್ರೆ ಇಲ್ಲ. ಅದರ ಪರೀಕ್ಷೆ ನಡೆಯುವುದು ಕೊಂಡವನ ಗಲ್ಲದ ಹತ್ತಿರ.

ಹಲಗಲಿಯ ನೆನಪು

ಬಂದೂಕಿನ ಮಾತು ಬಂದಾಗ ಬಾಗಲಕೋಟೆ ಜಿಲ್ಲೆಯವರು ಹಲಗಲಿಯನ್ನು ನೆನೆಯದೆ ಇರುವುದಿಲ್ಲ. ಮುಧೋಳ ತಾಲೂಕಿನ ಈ ಹಳ್ಳಿಯ ಬೇಡರು 1857ರಲ್ಲಿ ಕುಂಪಣಿ ಸರಕಾರದ ನಿಶ್ಶಸ್ತ್ರೀಕರಣ ಕಾಯಿದೆಗೆ ತಲೆ ಬಾಗಲಿಲ್ಲ. ಹತಾರ ಒಪ್ಪಿಸಿರಿ ಎಂದರೆ ಒಪ್ಪಿಸಲಿಲ್ಲ. ಹನುಮ, ಬಾಲ, ಜಡಗ, ರಾಮ ಮುಂದಾಳಾಗಿ ನಿಂತರು. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಮುಂದೆ ಈ ಲಾವಣಿಯನ್ನು ಬರೆಸಿಕೊಂಡು ಅಚ್ಚು ಹಾಕಿಸಿದ. ಅದು ಶಾಲೆಯ ಮಕ್ಕಳ ಪಠ್ಯದಲ್ಲೂ ಬಂದಿದೆ.

“ಹಲಗಲಿ ಮಂದಿ ಹತಾರ ಕೊಡಲಿಲ್ಲ, ನಾವ್ಯಾಕ ಲೈಸೆನ್ಸ್ ಕೇಳಬೇಕು?” ಎಂದು ಎದೆ ತಟ್ಟುವವರೂ ಇದ್ದಾರೆ. ಅವರು ಒಂದು ಮಾತು ಮರೆಯುತ್ತಾರೆ. ಹಲಗಲಿಯವರು ಕದ್ದುಮುಚ್ಚಿ ಏನೂ ಮಾಡಲಿಲ್ಲ. ಹಗಲು ಬೆಳಕಿನಲ್ಲಿ ತಮ್ಮ ಊರಿನಲ್ಲಿ ತಮ್ಮ ಹೆಸರಿನಲ್ಲಿ ನಿಂತರು. ಅದಕ್ಕೇ ನೂರಾ ಅರವತ್ತು ವರ್ಷ ಕಳೆದರೂ ಆ ಹೆಸರುಗಳು ಉಳಿದಿವೆ. ಕಳ್ಳ ಬಂದೂಕು ಇಟ್ಟುಕೊಂಡವನ ಮೊದಲ ಕೆಲಸ ತನ್ನ ಹೆಸರು ಮುಚ್ಚಿಡುವುದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಹಲಗಲಿಗೆ ಮಾಡುವ ಅವಮಾನ.

ಧಾರವಾಡದ ಬಾಗಿಲಲ್ಲಿ

ಹೆಸರಿಲ್ಲದ ಬಂದೂಕು ಏನು ಮಾಡುತ್ತದೆ ಎಂಬುದನ್ನು ಉತ್ತರ ಕರ್ನಾಟಕ ಕಣ್ಣಾರೆ ಕಂಡಿದೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರ ಕೊಲೆಯಾಯಿತು. ಎರಡಕ್ಕೂ ಬಳಸಿದ್ದು ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಎಲ್ಲೋ ಯಾರೋ ಒಬ್ಬ ಕೂತು ಅದನ್ನು ಮಾಡಿದ. ಅವನು ತನ್ನ ಹೆಸರನ್ನು ಅದರ ಮೇಲೆ ಕೆತ್ತಲಿಲ್ಲ.

“ನಾ ಹಂದಿ ಓಡಸಾಕ ಮಾಡ್ಸೀನ್ರಿ” ಎನ್ನುವವನ ಮನಸ್ಸು ಶುದ್ಧವೇ ಇರಬಹುದು. ಆದರೆ ಅವನಿಗೆ ಮಾಡಿಕೊಡುವವನು ಅವನೊಬ್ಬನಿಗೇ ಮಾಡಿಕೊಡುವುದಿಲ್ಲ. ಇನ್ನೊಂದು ಯಾರ ಕೈ ಸೇರಿತು ಎಂದು ಕೇಳುವ ಹಕ್ಕು ರೈತನಿಗೆ ಇಲ್ಲ. ಕೇಳಿದರೂ ಖರೇ ಉತ್ತರ ಸಿಗದು.

ಅಲ್ಲಿಯ ಮಾತು ಇಲ್ಲಿಗೆ ನಡೆಯದು

ಅಮೆರಿಕದಲ್ಲಿ ಮನೆಯಲ್ಲಿ ಬಂದೂಕು ಮಾಡುವುದು ಹಲವರ ಹವ್ಯಾಸ. ಬಂದೂಕು ಇಟ್ಟುಕೊಳ್ಳಲು ಅಡ್ಡಿ ಇಲ್ಲದ ವ್ಯಕ್ತಿ ಸ್ವಂತ ಬಳಕೆಗೆ ಸಾಮಾನ್ಯ ಬಂದೂಕು ಮಾಡಿಕೊಂಡರೆ ಅಲ್ಲಿಯ ಕೇಂದ್ರ ಕಾಯಿದೆ ಲೈಸೆನ್ಸ್ ಕೇಳುವುದಿಲ್ಲ. ಕೆಲವು ರಾಜ್ಯಗಳಲ್ಲಿ ಮಾತ್ರ ಬಿಗಿ. ಹೀಗಾಗಿ ಅಲ್ಲಿ ಹೊಸಬ ಹೋಗಿ ಕೇಳಿದರೆ ಹಳಬರು ಹೇಳಿಕೊಡುತ್ತಾರೆ. ಆದರೂ ನಂಬರಿಲ್ಲದ ಬಂದೂಕು ಅಪರಾಧ ನಡೆದ ಜಾಗಗಳಲ್ಲಿ ಹೆಚ್ಚೆಚ್ಚು ಸಿಗತೊಡಗಿದಾಗ, ಬಿಡಿಭಾಗಗಳ ಕಿಟ್ ಮಾರುವವರು ನಂಬರು ಹಾಕಲೇಬೇಕೆಂದು ಅಲ್ಲಿಯ ಸರಕಾರ 2022ರಲ್ಲಿ ನಿಯಮ ತಂದಿತು. 2025ರ ಮಾರ್ಚಿನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಜಪಾನಿನ ಕಥೆ ಬೇರೆ. ಪ್ಲಾಸ್ಟಿಕ್ ಯಂತ್ರದಲ್ಲಿ ಬಂದೂಕು ಅಚ್ಚು ತೆಗೆದ ಒಬ್ಬನನ್ನು 2014ರಲ್ಲಿ ಹಿಡಿದು ಎರಡು ವರ್ಷ ಜೈಲಿಗೆ ಹಾಕಿದರು. ಅಷ್ಟು ಬಿಗಿ ಇದ್ದ ದೇಶದಲ್ಲೇ 2022ರ ಜುಲೈ 8ರಂದು ಮಾಜಿ ಪ್ರಧಾನಿ ಶಿಂಜೊ ಅಬೆ ಮನೆಯಲ್ಲಿ ಮಾಡಿದ ಬಂದೂಕಿಗೆ ಬಲಿಯಾದರು.

ಇತ್ತ ನಮ್ಮ ಹುಡುಗ ಅಮೆರಿಕದವನ ಮಾತು ಕೇಳುತ್ತಾನೆ. ಆ ಮನುಷ್ಯ ಸುಳ್ಳು ಹೇಳುತ್ತಿಲ್ಲ. ಆದರೆ ಅವನ ಊರಿನಲ್ಲಿ ಹವ್ಯಾಸ ಎನಿಸಿದ್ದು ಬೇವೂರಿನಲ್ಲಿ ಜೈಲು. ಈ ಒಂದು ಸಾಲನ್ನು ಅಮೆರಿಕದವನು ಹೇಳುವುದಿಲ್ಲ, ಹೇಳಬೇಕಾದ ಹೊಣೆಯೂ ಅವನದ್ದಲ್ಲ.

ಕಾಯಿದೆ ಏನನ್ನುತ್ತದೆ?

1959ರ ಶಸ್ತ್ರಾಸ್ತ್ರ ಕಾಯಿದೆಯ 5ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸುವಂತಿಲ್ಲ, ಮಾರುವಂತಿಲ್ಲ, ದುರಸ್ತಿ ಧಂದೆ ಮಾಡುವಂತಿಲ್ಲ. ಆಟಿಗೆ ಬಂದೂಕನ್ನು ತಿದ್ದಿ ಖರೇ ಬಂದೂಕು ಮಾಡಿದರೂ ಅಪರಾಧವೇ. 2019ರ ತಿದ್ದುಪಡಿಯ ನಂತರ ಕಳ್ಳ ತಯಾರಿಕೆಗೆ ಕಡಿಮೆ ಎಂದರೆ 7 ವರ್ಷ, ಹೆಚ್ಚೆಂದರೆ ಜೀವಾವಧಿ ಶಿಕ್ಷೆ. ಲೈಸೆನ್ಸ್ ಇಲ್ಲದೆ ಸುಮ್ಮನೆ ಇಟ್ಟುಕೊಂಡವನಿಗೂ 2ರಿಂದ 5 ವರ್ಷ. “ಗೊತ್ತಿರಲಿಲ್ರಿ” ಎಂಬ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ.

ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ ಎಂದು ಕೇಳುವವರಿಗೆ ಒಂದು ಮಾತು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ಅದು ಇಟ್ಟುಕೊಳ್ಳುವುದಕ್ಕೆ, ಮನೆಯಲ್ಲಿ ತಯಾರಿಸುವುದಕ್ಕಲ್ಲ. ಅಲ್ಲಿಯೂ ಯಾವ ಮನೆತನದವನು ಎಂಬ ಗುರುತು ಇದ್ದವನಿಗೇ ಆ ವಿನಾಯಿತಿ.

ಮುಂಬಾಗಿಲು ಇದೆ, ಆದರೆ...

ಹಾಗಾದರೆ ರೈತ ಏನು ಮಾಡಬೇಕು? ಕಾಯಿದೆ ಅವನನ್ನು ಪೂರಾ ಕೈಬಿಟ್ಟಿಲ್ಲ. ಬೆಳೆ ರಕ್ಷಣೆಗೆಂದೇ ಮದ್ದು ತುಂಬುವ ಬಂದೂಕಿಗೆ ಲೈಸೆನ್ಸ್ ಕೊಡುವ ಮಾತು 13ನೇ ಕಲಮಿನಲ್ಲಿದೆ. ಅರ್ಜಿ ಹೋಗಬೇಕಾದದ್ದು ಜಿಲ್ಲಾ ದಂಡಾಧಿಕಾರಿಗೆ. ಪೊಲೀಸರ ವರದಿ ಬೇಕು, ವಯಸ್ಸು 21 ಆಗಿರಬೇಕು. 2016ರ ನಿಯಮಗಳ ಪ್ರಕಾರ ಬಂದೂಕನ್ನು ಸುರಕ್ಷಿತವಾಗಿ ಹಿಡಿಯುವ ತರಬೇತಿಯೂ ಬೇಕು. ಲೈಸೆನ್ಸ್ ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು. ಅದರ ಮೇಲೆ ಮೇಲ್ಮನವಿಗೂ ದಾರಿ ಉಂಟು.

ಆದರೆ ಈ ಮುಂಬಾಗಿಲಿಗೆ ಹೋಗುವುದು ಸಲೀಸಲ್ಲ ಎಂಬುದೂ ಖರೇ. ಒಂದು ದಿನದ ಕೂಲಿ ಬಿಟ್ಟು ಬಸ್ ಹತ್ತಿ ಬಾಗಲಕೋಟೆಗೆ ಹೋಗಬೇಕು. ಕಚೇರಿಯಲ್ಲಿ “ನಾಳೆ ಬಾ” ಎಂದರೆ ಮತ್ತೊಂದು ದಿನದ ಕೂಲಿ ಹೋಯಿತು. ಚುನಾವಣೆ ಬಂದಾಗ ಲೈಸೆನ್ಸ್ ಇದ್ದವನೂ ಬಂದೂಕನ್ನು ಠಾಣೆಯಲ್ಲಿ ಇಟ್ಟು ಬರಬೇಕು. ಹಂದಿಗೆ ಚುನಾವಣೆಯ ನೀತಿಸಂಹಿತೆ ಗೊತ್ತಿಲ್ಲ! ಮುಂಬಾಗಿಲು ತಡವಾಗಿ ತೆರೆದರೆ ಜನ ಹಿತ್ತಲ ಬಾಗಿಲು ಹುಡುಕುತ್ತಾರೆ. ಕುರ್ಚಿಯಲ್ಲಿ ಕೂತವರು ಇದನ್ನು ತಿಳಿಯಬೇಕು. ಠಾಣೆಗೆ ಕೇಳಲು ಬಂದವನನ್ನು ಕಳ್ಳನಂತೆ ನೋಡಿದರೆ ಮುಂದಿನವನು ಕೇಳಲು ಬರುವುದೇ ಇಲ್ಲ.

ಇನ್ನೊಂದು ಎಚ್ಚರ. ಲೈಸೆನ್ಸ್ ಬಂದರೂ ಕಂಡದ್ದಕ್ಕೆಲ್ಲ ಗುಂಡು ಹೊಡೆಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ. ಹಂದಿಗೂ ಅಪ್ಪಣೆ ಬೇಕು. ನಮ್ಮದೇ ಜಿಲ್ಲೆಯ ಯಡಹಳ್ಳಿ ಧಾಮದ ಚಿಂಕಾರದ ಗೊಡವೆಗೆ ಹೋದವನಿಗಂತೂ ಜೈಲೇ ಗತಿ. ಬೆಳೆ ಹಾಳಾದರೆ ಅರಣ್ಯ ಇಲಾಖೆಯಲ್ಲಿ ಪರಿಹಾರಕ್ಕೆ ಅರ್ಜಿ ಹಾಕಬಹುದು.

ಹುಡುಗರ ಹುಚ್ಚಿಗೆ ಮದ್ದು

ಬಂದೂಕಿನ ಹುಚ್ಚು ಹತ್ತಿದ ಹುಡುಗನನ್ನು ಬೈದರೆ ಪ್ರಯೋಜನವಿಲ್ಲ. ಅವನಿಗೂ ಖರೇ ಗುರು ಬೇಕು. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಅಲ್ಲಿ .22 ರೈಫಲ್ ಹಿಡಿಸುತ್ತಾರೆ. ರೈಫಲ್ ಕ್ಲಬ್ಬುಗಳಲ್ಲಿ ಗುರಿ ಹೊಡೆಯುವುದನ್ನು ಕಲಿಸುತ್ತಾರೆ. .177 ಬೋರಿನ, 20 ಜೂಲ್ ಮೀರದ ಗಾಳಿ ಬಂದೂಕಿಗೆ ಲೈಸೆನ್ಸಿನ ಗೊಡವೆ ಇಲ್ಲ. ಆದರೆ ಅದರಲ್ಲಿ ಹಕ್ಕಿ ಹೊಡೆಯಲು ಹೋಗಬಾರದು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಪಿಸ್ತೂಲಿನಿಂದ ಬೆಳ್ಳಿ ಗೆದ್ದದ್ದು ಇಂಥ ದಾರಿಯಲ್ಲೇ ನಡೆದು. ಈ ಜಾಗಗಳಲ್ಲಿ ಹೊಸಬನಿಗೆ ಮೊದಲ ಪಾಠ ಗುಂಡು ಹಾರಿಸುವುದಲ್ಲ, ನಳಿಗೆಯ ಬಾಯಿ ಯಾರ ಕಡೆಗೂ ತಿರುಗದಂತೆ ನೋಡಿಕೊಳ್ಳುವುದು. ಅದನ್ನು ಕಲಿತ ಮೇಲೆಯೇ ಮುಂದಿನ ಪಾಠ.

ಅಲ್ಲಿ ಕಲಿಸುವವನ ಹೆಸರು ಬೋರ್ಡಿನ ಮೇಲಿರುತ್ತದೆ, ಕಲಿಯುವವನ ಹೆಸರು ರಜಿಸ್ಟರಿನಲ್ಲಿರುತ್ತದೆ. ತಪ್ಪಾದರೆ ಇಬ್ಬರನ್ನೂ ಕೇಳುವವರು ಇರುತ್ತಾರೆ.

ಚಹಾದಂಗಡಿಯ ಬೆಂಚಿಗೆ ವಾಪಸು ಬರೋಣ. “ಮಾಡೋರು ಯಾರರ ಗೊತ್ತದಾರೇನು?” ಎಂದು ಹುಡುಗ ಕೇಳಿದಾಗ ಹಿರಿಯರು ಹೇಳಬೇಕಾದ ಉತ್ತರ ಸಣ್ಣದು: “ತಮ್ಮಾ, ಹೇಳಿಕೊಡಾವ ತನ್ನ ಹೆಸರು ಹೇಳ್ತಾನೇನು ಮೊದಲು ಕೇಳು. ಹೇಳಲಿಲ್ಲಂದ್ರ ಚಹಾ ಕುಡದು ಎದ್ದು ಬಾ.”