ಶಸ್ತ್ರಚಿಕಿತ್ಸೆಯಿಲ್ಲದೆ ಗಂಟಲು-ಕಿವಿ ನೋವಿನ ನಿರ್ವಹಣೆ

ಪದೇ ಪದೇ ಗಂಟಲು ನೋವು, ಜೊತೆಗೆ ಕಿವಿಯೊಳಗೆ ಸೆಳೆತ. ಪರೀಕ್ಷಿಸಿದರೆ ಕಿವಿಯಲ್ಲಿ ದೋಷವೇನೂ ಕಾಣದು. ಇದಕ್ಕೆ ಕಾರಣವಿದೆ. ಟಾನ್ಸಿಲ್, ನಾಲಿಗೆಯ ಹಿಂಭಾಗ ಮತ್ತು ಮಧ್ಯಕಿವಿಗೆ ಒಂದೇ ನರದ ಸಂಪರ್ಕವಿರುವುದರಿಂದ ಗಂಟಲಿನ ನೋವು ಕಿವಿಯಲ್ಲಿ ಅನುಭವಕ್ಕೆ ಬರುತ್ತದೆ. ದವಡೆಯ ಕೀಲು ಮತ್ತು ಹಲ್ಲಿನ ತೊಂದರೆಯಿಂದಲೂ ಹೀಗಾಗಬಹುದು.

ಶಸ್ತ್ರಚಿಕಿತ್ಸೆ ಯಾವಾಗ?

ಟಾನ್ಸಿಲ್ ಸೋಂಕು ವರ್ಷಕ್ಕೆ 7 ಬಾರಿ, ಅಥವಾ ಸತತ 2 ವರ್ಷ ತಲಾ 5 ಬಾರಿ, ಅಥವಾ ಸತತ 3 ವರ್ಷ ತಲಾ 3 ಬಾರಿ ಬಂದರೆ ವೈದ್ಯರು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸುತ್ತಾರೆ. ಅದಕ್ಕಿಂತ ಕಡಿಮೆಯಿದ್ದರೆ ಕಾದು ನೋಡುವುದೇ ರೂಢಿ.

ಮನೆಯಲ್ಲಿ ಮಾಡಬಹುದಾದದ್ದು

* ಕಾಯಿಸಿ ಸೋಸಿದ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸುವುದು.
* ಮಧುತ್ಯಾಗ ಇರುವುದರಿಂದ ಜೇನುತುಪ್ಪದ ಬದಲು ಒಣಶುಂಠಿ ಕಷಾಯ ಅಥವಾ ಬಿಸಿನೀರು ಸಾಕು.
* ಹೊಟ್ಟೆಯ ಆಮ್ಲ ಮೇಲೇರುವುದೂ ಗಂಟಲು ಉರಿಗೆ ಕಾರಣ. ಊಟವಾದ 2-3 ಗಂಟೆಯ ನಂತರವೇ ಮಲಗಬೇಕು. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ಶ್ರಾವಕರಿಗೆ ಇದು ಸಹಜವಾಗಿ ಪಾಲನೆಯಾಗುತ್ತದೆ.
* ದವಡೆ ನೋವಿದ್ದರೆ ಮೃದು ಆಹಾರ, ಬಿಸಿ ಶಾಖ. ಅಡಿಕೆ ಜಗಿಯುವುದನ್ನು ಬಿಡಬೇಕು.
* ಪೂಜೆ, ಸ್ತೋತ್ರ ಪಠಣದಿಂದ ಧ್ವನಿ ದಣಿದರೆ ಕೆಲವು ದಿನ ಮೆಲುದನಿಯಲ್ಲಿ ಹೇಳಬಹುದು. ಮೌನವೂ ಒಳ್ಳೆಯದು.
* ಕಿವಿಗೆ ಎಣ್ಣೆ ಬಿಡಬಾರದು. ತಮಟೆಯಲ್ಲಿ ರಂಧ್ರವಿದ್ದರೆ ಅಪಾಯ.

ವ್ರತ ಮತ್ತು ಔಷಧ

ಸ್ಟ್ರೆಪ್ಟೋಕಾಕಸ್ ಸೋಂಕಿಗೆ ಪೆನಿಸಿಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 10 ದಿನ ಕೊಡುತ್ತಾರೆ. ನೋವು ಹೋಯಿತೆಂದು, ಅಥವಾ ದಶಲಕ್ಷಣ ಪರ್ವದ ಉಪವಾಸವೆಂದು ನಡುವೆ ನಿಲ್ಲಿಸಬಾರದು. ಸೋಂಕು ಪೂರ್ತಿ ಹೋಗದಿದ್ದರೆ, ವಿಶೇಷವಾಗಿ ಮಕ್ಕಳಲ್ಲಿ, ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಗಳಿಗೆ ಹಾನಿಯಾಗಬಹುದು. ರಾತ್ರಿ ಆಹಾರತ್ಯಾಗದ ನಿಯಮವಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿದರೆ ಔಷಧದ ವೇಳೆಯನ್ನು ಹೊಂದಿಸಲು ಸಾಧ್ಯವೇ ಎಂದು ನೋಡುತ್ತಾರೆ. ಹೆಚ್ಚಿನ ಕ್ಯಾಪ್ಸೂಲ್‌ಗಳ ಹೊದಿಕೆ ಪ್ರಾಣಿಜನ್ಯ ಜೆಲಾಟಿನ್. ಬದಲಿಗೆ ಮಾತ್ರೆ ಕೇಳಬಹುದು. ಕೆಲವು ಸಿರಪ್‌ಗಳಲ್ಲಿ ಆಲ್ಕೋಹಾಲ್ ಇರುತ್ತದೆ, ಲೇಬಲ್ ಓದಬೇಕು.

ತಡಮಾಡಬಾರದ ಲಕ್ಷಣಗಳು

ಒಂದೇ ಬದಿಯ ನೋವು ಅಥವಾ ಧ್ವನಿ ಒಡೆಯುವಿಕೆ 3 ವಾರ ಮೀರುವುದು, ನುಂಗಲು ಕಷ್ಟ, ಕುತ್ತಿಗೆಯಲ್ಲಿ ಗಂಟು, ಉಗುಳಿನಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು: ಇವುಗಳಲ್ಲಿ ಒಂದಿದ್ದರೂ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಬೇಕು. ಉಸಿರಾಟಕ್ಕೆ ತೊಂದರೆಯಾದರೆ, ಬಾಯಿ ತೆರೆಯಲಾಗದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇಂಥ ಲಕ್ಷಣಗಳಿದ್ದಾಗ ಮನೆಮದ್ದಿನಲ್ಲಿ ದಿನ ಕಳೆಯುವುದು ತರವಲ್ಲ.